ಪಾರ್ಕಿಂಗ್ ಲಾಟಿನ ಟಾಕೀಸು: ಒಂದು ಚಿತ್ರಮಂದಿರದ ಏಳುಬೀಳು

ಸ್ಮರಣ ಸಂಚಿಕೆಯ ಸಂಪಾದಕರು ಫೋನು ಮಾಡಿ, "ಡಾಕ್ಟ್ರೇ, ಈ ಸಲವೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಂತ ಬರೆದು ನಮ್ಮ ಹೋಳಿಗೆ ಊಟದ ರುಚಿ ಕೆಡಿಸಬೇಡಿ, ಬೇರೇನಾದರೂ ಬರೆದುಕೊಡಿ" ಎಂದರು. ವೈದ್ಯಕೀಯ ಬೇಡವೆಂದರೆ ನನಗೆ ತಕ್ಕಮಟ್ಟಿಗೆ ಗೊತ್ತಿರುವ ಇನ್ನೊಂದೇ ವಿಷಯ ಸಿನಿಮಾ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಅನಾಟಮಿ ಪುಸ್ತಕಕ್ಕಿಂತ ಶಾಂತಲಾ ಟಾಕೀಸಿನ ಬಾಗಿಲನ್ನೇ ಹೆಚ್ಚು ಸಲ ತೆರೆದವನು ನಾನು. ಆದರೆ ಇಲ್ಲಿ ಹೇಳಹೊರಟಿರುವುದು ಮೈಸೂರಿನ ಕಥೆಯಲ್ಲ. ನಾವೆಲ್ಲ ದಿನಬೆಳಗಾದರೆ ಕಾರು ಓಡಿಸುವ ರೂಟ್ 9ರ ಬದಿಯಲ್ಲಿದ್ದ, ಈಗ ಗುರುತೂ ಉಳಿಯದ ಒಂದು ಚಿತ್ರಮಂದಿರದ ಕಥೆ. ಅದರ ಕಥೆಯೊಳಗೆ ನಮ್ಮ ಕೂಟದ ಕಥೆಯೂ ಸ್ವಲ್ಪ ಇದೆಯೆಂದು ನನಗೆ ಅನ್ನಿಸಿದ್ದರಿಂದ ಈ ಬರಹ.

ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಹೆಸರು ಅಮೆರಿಕಕ್ಕೆ ಬರುವ ಮೊದಲೇ ನನಗೆ ಬಾಯಿಪಾಠವಾಗಿತ್ತು. ವೈದ್ಯಕೀಯ ಓದಿದ ಯಾರನ್ನು ಕೇಳಿದರೂ ಹೇಳುತ್ತಾರೆ. 1948ರಲ್ಲಿ ಆ ಊರಿನ 5,209 ಸ್ತ್ರೀಪುರುಷರನ್ನು ಸೇರಿಸಿಕೊಂಡು ಹೃದ್ರೋಗದ ದೊಡ್ಡ ಅಧ್ಯಯನವೊಂದು ಶುರುವಾಯಿತು. ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ ಇವು ಹೃದಯಕ್ಕೆ ಶತ್ರುಗಳೆಂದು ನಾವು ರೋಗಿಗಳಿಗೆ ಹೇಳುವ ಮಾತಿಗೆಲ್ಲ ಅಲ್ಲಿಯ ಜನರೇ ಸಾಕ್ಷಿ. ಆ ಅಧ್ಯಯನ ಆರಂಭವಾದ ಮೂರೇ ವರ್ಷಕ್ಕೆ ಅದೇ ಊರಿನಲ್ಲಿ ಉಪ್ಪು ಬೆಣ್ಣೆ ಸುರಿದ ಪಾಪ್‌ಕಾರ್ನ್ ಮಾರಿ ಲಾಭ ಮಾಡುವ ಹೊಸ ವ್ಯಾಪಾರವೊಂದೂ ಹುಟ್ಟಿತೆಂಬುದು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ!

ಅದು ತಿಳಿದದ್ದು 2006ರಲ್ಲಿ, ನಾನು ರೆಸಿಡೆನ್ಸಿಯ ಮೊದಲ ವರ್ಷದಲ್ಲಿದ್ದಾಗ. ವಾರ್ಡಿನಲ್ಲಿದ್ದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ರಜೆಯ ದಿನ ಏನು ಮಾಡಿದೆ ಎಂದು ವಿಚಾರಿಸಿದರು. ಫ್ರೇಮಿಂಗ್‌ಹ್ಯಾಮಿನ ದೊಡ್ಡ ಮಲ್ಟಿಪ್ಲೆಕ್ಸಿನಲ್ಲಿ ಸಿನಿಮಾ ನೋಡಿದೆನೆಂದೆ. ಅಜ್ಜಿ ನಕ್ಕು, "ಅದು ಹೊಸದು. ನಮ್ಮದು ಅಲ್ಲೇ ಇತ್ತು. ನಮ್ಮೆಜಮಾನರು ಮದುವೆಗೆ ಮುಂಚೆ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಅಲ್ಲಿಗೆ. ಈಗ ಅವರೂ ಇಲ್ಲ, ಅದೂ ಇಲ್ಲ" ಎಂದರು. ಆಕೆಯ ಮಾತು ಮನಸ್ಸಿನಲ್ಲಿ ಉಳಿಯಿತು. ಬಿಡುವಾದಾಗಲೆಲ್ಲ ಆ "ನಮ್ಮದರ" ಚರಿತ್ರೆಯನ್ನು ಹುಡುಕಿ ಓದುವುದು ಒಂದು ಹವ್ಯಾಸವಾಯಿತು.

ಊರು ಬಿಟ್ಟ ಜನ, ಜನರನ್ನು ಹಿಂಬಾಲಿಸಿದ ಅಂಗಡಿ

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಸಿನಿಮಾ ಎಂದರೆ ಪೇಟೆಗೆ ಹೋಗಿ ನೋಡುವ ವಸ್ತು. ಬಾಸ್ಟನ್ನಿನಲ್ಲಿ 1925ರಲ್ಲಿ ತೆರೆದ ಮೆಟ್ರೊಪಾಲಿಟನ್ ಚಿತ್ರಮಂದಿರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಆಸನಗಳಿದ್ದವು. ಅಮೃತಶಿಲೆ, ಚಿನ್ನದ ಬಣ್ಣದ ಕೆತ್ತನೆ, ತೂಗುದೀಪಗಳು, ನಮ್ಮ ಮೈಸೂರು ಅರಮನೆಯ ದರ್ಬಾರ್ ಹಾಲನ್ನು ನೆನಪಿಸುವ ವೈಭವ. ಇಂದು ವಾಂಗ್ ಥಿಯೇಟರ್ ಎಂಬ ಹೆಸರಿನಲ್ಲಿ ನಾವು ನೃತ್ಯ ನಾಟಕಗಳಿಗೆ ಹೋಗುವುದು ಅದೇ ಕಟ್ಟಡಕ್ಕೆ.

ಯುದ್ಧ ಮುಗಿದ ಮೇಲೆ ಚಿತ್ರ ಬದಲಾಯಿತು. ಹಿಂದಿರುಗಿದ ಸೈನಿಕರಿಗೆ ಸರ್ಕಾರ ಗೃಹಸಾಲಕ್ಕೆ ಆಸರೆ ಕೊಟ್ಟಿತು. ಜನ ಪೇಟೆ ಬಿಟ್ಟು ಹೊರವಲಯದಲ್ಲಿ ಮನೆ ಮಾಡಿದರು, ಮನೆಗೊಂದು ಕಾರು ಬಂತು, ಕಾರಿನ ಹಿಂದೆಯೇ ಟೆಲಿವಿಷನ್ ಬಂತು. 1950ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಒಂಬತ್ತರಲ್ಲಿ ಟಿ.ವಿ. ಇತ್ತು, 1960ರ ಹೊತ್ತಿಗೆ ಸುಮಾರು ಎಂಬತ್ತೇಳು ಮನೆಗಳಲ್ಲಿ. 1946ರಲ್ಲಿ ವಾರಕ್ಕೆ ಸುಮಾರು ಒಂಬತ್ತು ಕೋಟಿ ಜನ ಸಿನಿಮಾ ನೋಡುತ್ತಿದ್ದರಂತೆ. ಹದಿನೈದು ವರ್ಷಗಳಲ್ಲಿ ಅದು ಅರ್ಧಕ್ಕೂ ಕೆಳಗಿಳಿಯಿತು. ಮಗುವನ್ನು ಮಲಗಿಸಿ, ಊಟ ಮುಗಿಸಿ, ಇಪ್ಪತ್ತು ಮೈಲಿ ದೂರದ ಬಾಸ್ಟನ್ನಿಗೆ ಹೋಗಿ, ಕಾರು ನಿಲ್ಲಿಸಲು ಜಾಗ ಹುಡುಕುವ ಉಸಾಬರಿ ಯಾರಿಗೆ ಬೇಕು?

ಈ ಪ್ರಶ್ನೆಗೆ ವ್ಯಾಪಾರಿಗಳು ಕಂಡುಕೊಂಡ ಉತ್ತರವೇ ಶಾಪಿಂಗ್ ಸೆಂಟರ್. 1951ರ ಅಕ್ಟೋಬರ್ 4ರಂದು ಫ್ರೇಮಿಂಗ್‌ಹ್ಯಾಮಿನಲ್ಲಿ ರೂಟ್ 9ರ ಪಕ್ಕದ ಬಯಲಿನಲ್ಲಿ ಶಾಪರ್ಸ್ ವರ್ಲ್ಡ್ ಬಾಗಿಲು ತೆರೆಯಿತು. ಮಧ್ಯೆ ಹುಲ್ಲು, ಗಿಡಮರಗಳ ಉದ್ದನೆಯ ಅಂಗಳ. ಅದರ ಎರಡೂ ಬದಿಗೆ ಎರಡಂತಸ್ತಿನ ಅಂಗಡಿ ಸಾಲು. ಒಂದು ತುದಿಯಲ್ಲಿ ಜೋರ್ಡನ್ ಮಾರ್ಷ್ ಡಿಪಾರ್ಟ್‌ಮೆಂಟ್ ಸ್ಟೋರಿನ ಭಾರೀ ಬಿಳಿ ಗುಮ್ಮಟ. ಸುತ್ತಲೂ ಸಾವಿರಾರು ಕಾರು ನಿಲ್ಲುವ ಜಾಗ. ಇಂದು ಮಾಲ್ ಎಂದರೆ ಮಾಡು ಹೊದಿಸಿದ ತಂಪು ಕಟ್ಟಡ ನೆನಪಾಗುತ್ತದೆ. ಅಂಥದು ಮೊದಲು ಬಂದದ್ದು 1956ರಲ್ಲಿ, ಮಿನೆಸೋಟದ ಸೌತ್‌ಡೇಲ್‌ನಲ್ಲಿ. ಶಾಪರ್ಸ್ ವರ್ಲ್ಡ್ ಅದಕ್ಕಿಂತ ಹಿರಿಯಣ್ಣ, ಆಕಾಶಕ್ಕೆ ತೆರೆದ ಮಾಲ್.

ಡ್ರೈವ್-ಇನ್‌ನವರ ಬುದ್ಧಿ

ಈ ಅಂಗಡಿ ಸಮುಚ್ಚಯದೊಳಗೆ ಒಂದು ಚಿತ್ರಮಂದಿರವನ್ನೂ ಇಟ್ಟರು. ಅಮೆರಿಕದಲ್ಲಿ ಶಾಪಿಂಗ್ ಸೆಂಟರಿನೊಳಗೆ ಕಟ್ಟಿದ ಮೊಟ್ಟಮೊದಲ ಕೆಲವೇ ಚಿತ್ರಮಂದಿರಗಳಲ್ಲಿ ಇದೂ ಒಂದು. ನಡೆಸಿದವರು ಬಾಸ್ಟನ್ನಿನ ಫಿಲಿಪ್ ಸ್ಮಿತ್ ಎಂಬ ಚಿತ್ರಪ್ರದರ್ಶಕರ ಸಂಸ್ಥೆ. ಸ್ಮಿತ್ 1922ರಿಂದಲೇ ಈ ವೃತ್ತಿಯಲ್ಲಿದ್ದವರು. 1930ರ ದಶಕದಲ್ಲಿ, ಕಾರಿನಲ್ಲೇ ಕುಳಿತು ಬಯಲಲ್ಲಿ ಸಿನಿಮಾ ನೋಡುವ ಡ್ರೈವ್-ಇನ್‌ಗಳನ್ನು ಮಧ್ಯಪಶ್ಚಿಮ ರಾಜ್ಯಗಳಲ್ಲಿ ಶುರುಮಾಡಿದವರು. ಅವರ ಸಂಸ್ಥೆಯ ಹೆಸರೇ ಮಿಡ್‌ವೆಸ್ಟ್ ಡ್ರೈವ್-ಇನ್ ಥಿಯೇಟರ್ಸ್.

ಡ್ರೈವ್-ಇನ್ ನಡೆಸಿದವನಿಗೆ ಮೂರು ವಿಷಯ ಚೆನ್ನಾಗಿ ಗೊತ್ತಿರುತ್ತದೆ: ಕಾರು, ಮಕ್ಕಳು, ತಿಂಡಿ. ಅಂಗಡಿಗಳು ಸಂಜೆ ಮುಚ್ಚಿದ ಮೇಲೆ ಅಷ್ಟು ದೊಡ್ಡ ಪಾರ್ಕಿಂಗ್ ಲಾಟು ಖಾಲಿ ಬಿದ್ದಿರುತ್ತದೆ, ಸಿನಿಮಾಕ್ಕೆ ಜನ ಬರುವುದು ಆಗಲೇ. ಜೊತೆಗೆ ಮ್ಯಾಸಚೂಸೆಟ್ಸ್‌ನ ಹಳೆಯ ಕಾನೂನಿನಂತೆ 1980ರ ದಶಕದ ಆರಂಭದವರೆಗೆ ಇಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ತೆರೆಯುತ್ತಿರಲಿಲ್ಲ. ಆದರೆ ಸಿನಿಮಾ ಇರುತ್ತಿತ್ತು. ಭಾನುವಾರವಿಡೀ ಪಾರ್ಕಿಂಗ್ ಲಾಟು ಟಾಕೀಸಿನ ಪಾಲು! ಶನಿವಾರ ಮಧ್ಯಾಹ್ನ ಮಕ್ಕಳನ್ನು ಒಳಗೆ ಕೂರಿಸಿ ತಾಯಂದಿರು ಅಂಗಡಿ ಸುತ್ತುತ್ತಿದ್ದರಂತೆ, ಅಜ್ಜಿ ಹೇಳಿದ್ದು.

ಕಟ್ಟಡಕ್ಕೂ ಖರ್ಚು ಕಡಿಮೆ. ಅಮೃತಶಿಲೆಯಿಲ್ಲ, ತೂಗುದೀಪವಿಲ್ಲ, ಇಳಿಜಾರು ನೆಲ, ದೊಡ್ಡ ಪರದೆ, ಮೆತ್ತನೆಯ ಕುರ್ಚಿ, ಅಷ್ಟೆ. ಹೊಸಬರಿಗೆ ಕಾಲವೂ ಅನುಕೂಲವಾಗಿ ಬಂತು. ಅಲ್ಲಿಯವರೆಗೆ ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳೇ ಊರೂರಲ್ಲಿ ಚಿತ್ರಮಂದಿರಗಳನ್ನು ಇಟ್ಟುಕೊಂಡು, ಹೊಸ ಚಿತ್ರಗಳನ್ನು ಮೊದಲು ಅಲ್ಲಿಗೇ ಕೊಡುತ್ತಿದ್ದವು. 1948ರಲ್ಲಿ ಸುಪ್ರೀಂ ಕೋರ್ಟು ಪ್ಯಾರಾಮೌಂಟ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಸ್ಟುಡಿಯೋಗಳು ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಪೇಟೆಯ ಅರಮನೆಗಳ ಬೆನ್ನೆಲುಬು ಮುರಿಯಿತು. ಹೊರವಲಯದವರಿಗೂ ಬಾಗಿಲು ತೆರೆಯಿತು.

ಒಂದು ಎರಡಾಗಿ, ಎರಡು ಆರಾಗಿ

1961ರಲ್ಲಿ ಫಿಲಿಪ್ ಸ್ಮಿತ್ ತೀರಿಕೊಂಡ ಮೇಲೆ ಮಗ ರಿಚರ್ಡ್ ಸ್ಮಿತ್ ಚುಕ್ಕಾಣಿ ಹಿಡಿದರು. 1964ರಲ್ಲಿ ಸಂಸ್ಥೆಗೆ ಜನರಲ್ ಸಿನಿಮಾ ಎಂಬ ಹೆಸರಾಯಿತು. ದೇಶದಲ್ಲಿ ಎಲ್ಲಿ ಹೊಸ ಶಾಪಿಂಗ್ ಸೆಂಟರ್ ಕಟ್ಟಿದರೂ ಅಲ್ಲೊಂದು ಜನರಲ್ ಸಿನಿಮಾ ಎನ್ನುವಷ್ಟು ಬೆಳೆಯಿತು. ಈ ವ್ಯಾಪಾರದ ಗುಟ್ಟು ಟಿಕೆಟ್ಟಿನಲ್ಲಿಲ್ಲ. ಟಿಕೆಟ್ ಹಣದಲ್ಲಿ ದೊಡ್ಡ ಪಾಲು, ಅದರಲ್ಲೂ ಚಿತ್ರ ಬಿಡುಗಡೆಯಾದ ಮೊದಲ ವಾರಗಳಲ್ಲಿ, ವಿತರಕರಿಗೆ ಹೋಗುತ್ತದೆ. ಪಾಪ್‌ಕಾರ್ನ್ ಮತ್ತು ಸೋಡಾದ ಹಣ ಮಾತ್ರ ಚಿತ್ರಮಂದಿರದ್ದೇ. ಇದನ್ನು ಅರಿತ ಜನರಲ್ ಸಿನಿಮಾ 1968ರಲ್ಲಿ ಪೆಪ್ಸಿ ಬಾಟ್ಲಿಂಗ್ ಮಾಡುವ ಕಂಪನಿಯನ್ನೇ ಕೊಂಡುಕೊಂಡಿತು. ಬಾಯಾರಿಸುವವರೂ ಅವರೇ, ನೀರು ಕುಡಿಸುವವರೂ ಅವರೇ!

ಇನ್ನೊಂದು ಉಪಾಯವೂ ಅದೇ ಕಾಲದಲ್ಲಿ ಹುಟ್ಟಿತು. 1963ರಲ್ಲಿ ಕ್ಯಾನ್ಸಸ್ ಸಿಟಿಯ ವಾರ್ಡ್ ಪಾರ್ಕ್‌ವೇ ಶಾಪಿಂಗ್ ಸೆಂಟರಿನಲ್ಲಿ ಸ್ಟ್ಯಾನ್ಲಿ ಡರ್ವುಡ್ ಎಂಬುವರು ಅಕ್ಕಪಕ್ಕದಲ್ಲಿ ಎರಡು ಸಣ್ಣ ಸಭಾಂಗಣಗಳ ಪಾರ್ಕ್‌ವೇ ಟ್ವಿನ್ ತೆರೆದರು. ಟಿಕೆಟ್ ಕಿಟಕಿ ಒಂದೇ, ತಿಂಡಿ ಅಂಗಡಿ ಒಂದೇ, ಸಿಬ್ಬಂದಿ ಅಷ್ಟೇ, ಆಟ ಮಾತ್ರ ಎರಡು. ಒಂದು ಚಿತ್ರ ಸೋತರೆ ಇನ್ನೊಂದು ಕೈಹಿಡಿಯುತ್ತದೆ. ಡರ್ವುಡ್ಡರ ಆ ಸಂಸ್ಥೆಯೇ ಮುಂದೆ ಎ.ಎಂ.ಸಿ. ಆಯಿತು. ರೀಲು ಬದಲಿಸುವ ಗೋಜಿಲ್ಲದೆ ಇಡೀ ಚಿತ್ರವನ್ನು ಒಂದೇ ದೊಡ್ಡ ತಟ್ಟೆಯ ಮೇಲೆ ಸುತ್ತಿಡುವ ಯಂತ್ರ ಬಂದ ಮೇಲೆ ಒಬ್ಬನೇ ಆಪರೇಟರ್ ಹಲವು ಪರದೆಗಳನ್ನು ನೋಡಿಕೊಳ್ಳುವಂತಾಯಿತು.

ಹಳೆಯ ಒಂಟಿ ಪರದೆಯ ಮಂದಿರಗಳಿಗೂ ಈ ಗಾಳಿ ತಾಗಿತು. ದೇಶದೆಲ್ಲೆಡೆ ಸಭಾಂಗಣದ ನಡುವೆ ಗೋಡೆ ಎಬ್ಬಿಸಿ ಎರಡು, ನಾಲ್ಕು ಮಾಡಿದರು. ಕುರ್ಚಿಗಳು ಹಳೆಯ ಪರದೆಯ ಕಡೆಗೇ ವಾಲಿರುತ್ತಿದ್ದವು. ಈಚೆ ಪ್ರೇಮಿಗಳು ಪಿಸುಗುಡುವಾಗ ಆಚೆಯ ಗೋಡೆಯಿಂದ ಫಿರಂಗಿ ಸದ್ದು. ಶಾಪರ್ಸ್ ವರ್ಲ್ಡಿನ ಮಂದಿರವೂ ಹಲವು ಪರದೆಗಳದಾಯಿತು. "ಆಮೇಲೆ ಅದು ನಮ್ಮದು ಅನ್ನಿಸಲಿಲ್ಲ, ಆದರೂ ಹೋಗುತ್ತಿದ್ದೆವು" ಎಂದಿದ್ದರು ಅಜ್ಜಿ.

ಮರಣಪತ್ರ

1994ರಲ್ಲಿ ಶಾಪರ್ಸ್ ವರ್ಲ್ಡನ್ನು ಗುಮ್ಮಟದ ಸಮೇತ ಕೆಡವಿದರು. ಹುಲ್ಲಿನ ಅಂಗಳ ಹೋಗಿ ದೊಡ್ಡ ದೊಡ್ಡ ಅಂಗಡಿಗಳ ಸಾಲು ಬಂತು, ಹೆಸರು ಮಾತ್ರ ಉಳಿಯಿತು. 43 ವರ್ಷದ ಚಿತ್ರಮಂದಿರವೂ ಅದರೊಂದಿಗೆ ಹೋಯಿತು. ಅದೇ ಆವರಣದಲ್ಲಿ ಜನರಲ್ ಸಿನಿಮಾದವರೇ ಹೊಸದಾಗಿ ಕಟ್ಟಿದ ದೊಡ್ಡ ಮಲ್ಟಿಪ್ಲೆಕ್ಸೇ ನಾನು 2006ರಲ್ಲಿ ಹೋಗಿದ್ದ, ಹದಿನಾರು ಪರದೆಗಳ ಮಂದಿರ.

ವೈದ್ಯನಾದವನಿಗೆ ಮರಣಪತ್ರ ಬರೆಯುವ ಕರ್ತವ್ಯ ತಪ್ಪುವುದಿಲ್ಲ. ಮೊದಲ ಸಾಲಿನಲ್ಲಿ ತಕ್ಷಣದ ಕಾರಣ ಬರೆಯಬೇಕು, ಕೆಳಗಿನ ಸಾಲಿನಲ್ಲಿ ಅದಕ್ಕೆ ಕಾರಣವಾದದ್ದು, ಅದರ ಕೆಳಗೆ ಮೂಲ ಕಾರಣ. "ಹೃದಯ ನಿಂತಿತು" ಎಂದು ಬರೆದರೆ ಸಾಲದು, ಯಾಕೆ ನಿಂತಿತೆಂದು ಹೇಳಬೇಕು. ಈ ಚಿತ್ರಮಂದಿರಕ್ಕೂ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ.

ತಕ್ಷಣದ ಕಾರಣ, ಕಟ್ಟಡ ಕೆಡವಿದ್ದು. ಅದಕ್ಕೆ ಕಾರಣ, ಬಯಲು ಅಂಗಳದ ಹಳೆಯ ಮಾದರಿ ಮುಚ್ಚಿದ ಮಾಲುಗಳ ಮುಂದೆ ಮಂಕಾದದ್ದು. ಹತ್ತಿರದಲ್ಲೇ ನೇಟಿಕ್ ಮಾಲ್ 1960ರ ದಶಕದಿಂದಲೇ ಇತ್ತು. ಟಿ.ವಿ., ಕೇಬಲ್, ವಿ.ಸಿ.ಆರ್. ಇವನ್ನು ಪೂರಕ ಕಾರಣಗಳೆಂದು ಬದಿಯಲ್ಲಿ ಬರೆಯಬಹುದು. ಆದರೆ ಮೂಲ ಕಾರಣ? "ಜನ ಸಿನಿಮಾಕ್ಕೆ ಬರುವುದನ್ನು ಬಿಟ್ಟರು" ಎಂದು ಬರೆದರೆ ಅದು ತಪ್ಪು ಪತ್ರ. 1990ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಟಿಕೆಟ್ ಸುಮಾರು 119 ಕೋಟಿ. 1999ರಲ್ಲಿ ಸುಮಾರು 146 ಕೋಟಿ. ಜನ ಹೆಚ್ಚುತ್ತಿದ್ದಾಗಲೇ ಇಂಥ ನೂರಾರು ಮಂದಿರಗಳು ಮುಚ್ಚಿದವು.

ಅವುಗಳನ್ನು ಮುಚ್ಚಿಸಿದ್ದು ಅವುಗಳ ಒಡಹುಟ್ಟಿದವೇ. 1995ರಲ್ಲಿ ಎ.ಎಂ.ಸಿ.ಯವರು ಡಾಲಸ್‌ನಲ್ಲಿ 24 ಪರದೆಗಳ ಗ್ರ್ಯಾಂಡ್ ತೆರೆದರು. ಸ್ಟೇಡಿಯಂನಂತೆ ಮೆಟ್ಟಿಲು ಮೆಟ್ಟಿಲಾದ ಆಸನ, ಮುಂದಿನವರ ತಲೆ ಅಡ್ಡಬರುವುದಿಲ್ಲ. ಅದನ್ನು ಕಂಡವರಿಗೆ ಶಾಪಿಂಗ್ ಸೆಂಟರಿನ ಚಪ್ಪಟೆ ಡಬ್ಬಿ ಯಾಕೆ ರುಚಿಸೀತು? ಎಲ್ಲ ಕಂಪನಿಗಳೂ ಸಾಲ ತಂದು ಕಟ್ಟತೊಡಗಿದವು. 1980ರಲ್ಲಿ ದೇಶದಲ್ಲಿ ಹದಿನೇಳು ಸಾವಿರ ಚಿಲ್ಲರೆ ಇದ್ದ ಪರದೆಗಳು 1999ರ ಹೊತ್ತಿಗೆ ಮೂವತ್ತೇಳು ಸಾವಿರದ ಆಸುಪಾಸಿಗೆ ಮುಟ್ಟಿದವು. ಜನ ಹೆಚ್ಚಿದ್ದು ಹೌದು, ಪರದೆ ಹೆಚ್ಚಿದಷ್ಟಲ್ಲ. ಹಳೆಯ ಮಂದಿರಗಳನ್ನು ಮುಚ್ಚಿದರೂ ಉದ್ದನೆಯ ಲೀಸ್ ಕರಾರಿನಂತೆ ಬಾಡಿಗೆ ಕಟ್ಟಲೇಬೇಕು. ಒಂದು ಕಡೆ ಹೊಸದರ ಸಾಲ, ಇನ್ನೊಂದು ಕಡೆ ಹಳೆಯದರ ಬಾಡಿಗೆ. 2000 ಮತ್ತು 2001ರಲ್ಲಿ ಕಾರ್ಮೈಕ್, ಎಡ್ವರ್ಡ್ಸ್, ಯುನೈಟೆಡ್ ಆರ್ಟಿಸ್ಟ್ಸ್, ಲೋಯೆವ್ಸ್ ಸಿನೆಪ್ಲೆಕ್ಸ್, ರೀಗಲ್ ಒಂದೊಂದಾಗಿ ದಿವಾಳಿ ಕೋರ್ಟಿಗೆ ಹೋದವು. ಕರಾರುಗಳಿಂದ ಬಿಡಿಸಿಕೊಳ್ಳಲು ಅದೊಂದೇ ದಾರಿಯಾಗಿತ್ತು. ಜನರಲ್ ಸಿನಿಮಾ 2000ದ ಅಕ್ಟೋಬರಿನಲ್ಲಿ ಹೋಯಿತು. 2002ರಲ್ಲಿ ಅದನ್ನು ಎ.ಎಂ.ಸಿ. ಕೊಂಡುಕೊಂಡಿತು. ಶಾಪಿಂಗ್ ಸೆಂಟರಿನಲ್ಲಿ ಸಿನಿಮಾ ತೋರಿಸಬಹುದೆಂದು ಮೊದಲು ನಂಬಿದವರಲ್ಲಿ ಒಬ್ಬರಾದವರ ಹೆಸರು ಹೀಗೆ ಅಳಿಯಿತು.

ಆದ್ದರಿಂದ ಮೂಲ ಕಾರಣದ ಸಾಲಿನಲ್ಲಿ ನಾನು ಬರೆಯುವುದಿಷ್ಟು: ಆ ಮಂದಿರ ಅಲ್ಲಿ ಬಂದು ಕುಳಿತವರದಾಗಿರಲಿಲ್ಲ. ನೆಲ ಒಬ್ಬರದು, ಲೀಸು ಇನ್ನೊಬ್ಬರದು, ನೆನಪು ಮಾತ್ರ ಜನರದು. ಲೆಕ್ಕ ತಪ್ಪಿದ ದಿನ ನೆನಪಿಗೆ ಬೆಲೆಯಿರಲಿಲ್ಲ.

ನಮ್ಮ ಭಾನುವಾರದ ಆಟ

ಈ ಬಿಳಿಯರ ಟಾಕೀಸಿನ ಕಥೆ ನಮಗೇಕೆ ಎಂದು ಕೇಳಬಹುದು. ಮುಚ್ಚುವ ಹಂತದಲ್ಲಿದ್ದ ಇಂಥ ಶಾಪಿಂಗ್ ಸೆಂಟರ್ ಮಂದಿರಗಳಿಗೆ ಕೊನೆಗಾಲದಲ್ಲಿ ಗಂಗಾಜಲ ಬಿಟ್ಟವರು ಬಹಳ ಕಡೆ ನಾವು ಭಾರತೀಯರೇ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಾಜ್ 8 ಎಂಬ ಎಂಟು ಪರದೆಗಳ ಮಂದಿರ ಭಾರತೀಯ ಚಿತ್ರಗಳಿಗೇ ಮೀಸಲಾಗಿತ್ತು. 2008ರಲ್ಲಿ ರಿಲಯನ್ಸ್ ಸಮೂಹ ಇಲ್ಲಿಯ ಹಲವು ಮಂದಿರಗಳನ್ನು ಹಿಡಿದು ಬಿಗ್ ಸಿನಿಮಾಸ್ ಎಂದು ನಡೆಸಿ, ಕೆಲವು ವರ್ಷಗಳ ನಂತರ ಕೈಬಿಟ್ಟಿತು. ಅಷ್ಟು ದೊಡ್ಡ ಮಾರುಕಟ್ಟೆ ಇಲ್ಲದ ನಾವು ಕನ್ನಡಿಗರು, ಒಂದು ಬೆಳಗಿನ ಹೊತ್ತಿಗೆ ಒಂದು ಪರದೆ ಬಾಡಿಗೆಗೆ ಹಿಡಿದು, ಒಂದೇ ಒಂದು ಆಟ ಹಾಕಿಕೊಳ್ಳುತ್ತಿದ್ದೆವು.

ನಾನು ಮೊದಲು ಹೋದದ್ದು 2007ರಲ್ಲಿ, "ಮುಂಗಾರು ಮಳೆ"ಗೆ. ರೆಸಿಡೆನ್ಸಿಯ ಮೂವತ್ತು ಗಂಟೆಯ ಡ್ಯೂಟಿ ಮುಗಿಸಿ, ನಿದ್ದೆಗಣ್ಣಿನಲ್ಲೇ ಕಾರು ಓಡಿಸಿಕೊಂಡು ಹೋದೆ. ಹಳೆಯ ಪ್ಲಾಜಾ, ಅರ್ಧ ಅಂಗಡಿಗಳು ಖಾಲಿ, ಮಂದಿರದ ಕಾರ್ಪೆಟ್ಟಿಗೆ ತೇವದ ವಾಸನೆ. ಚಿತ್ರ ಹೇಳಿದ ಹೊತ್ತಿಗೆ ಶುರುವಾಗಲಿಲ್ಲ. ಆಗಿನ್ನೂ 35 ಮಿ.ಮೀ. ಪ್ರಿಂಟಿನ ಕಾಲ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರವೆಂದರೆ ಹದಿಮೂರು ಸಾವಿರ ಅಡಿಗೂ ಮೇಲೆ. ಹಿಂದಿನ ಊರಿನಲ್ಲಿ ಆಟ ಮುಗಿಸಿದ ಡಬ್ಬಿಗಳನ್ನು ಯಾರೋ ಪುಣ್ಯಾತ್ಮರು ತಮ್ಮ ಕಾರಿನಲ್ಲೇ ತರುತ್ತಿದ್ದರು, ಹಿಮದಲ್ಲಿ ತಡವಾಗಿತ್ತು.

ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, "ಹೊಸಬರಾ? ಯಾವೂರಪ್ಪಾ? ತಿಂಡಿ ಆಯ್ತಾ?" ಎಂದು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದರು. ಆರು ತಿಂಗಳಿನಿಂದ ಯಾರೂ ನನ್ನನ್ನು ಕನ್ನಡದಲ್ಲಿ ತಿಂಡಿ ಆಯಿತೇ ಎಂದು ಕೇಳಿರಲಿಲ್ಲ. ನನಗೆ ಉತ್ತರ ಹೊರಡಲಿಲ್ಲ. ಅವರ ಮನೆಯವರು ಡಬ್ಬಿ ತೆಗೆದು ಚಿತ್ರಾನ್ನ ಕೊಟ್ಟರು. ಆ ದಿನ ಚಿತ್ರ ಮುಕ್ಕಾಲು ಗಂಟೆ ತಡವಾಯಿತು. ಆ ಮುಕ್ಕಾಲು ಗಂಟೆಯಲ್ಲಿ ಪರಿಚಯವಾದವರೇ ಮುಂದೆ ನನ್ನ ಮದುವೆಗೆ, ಮಗಳ ನಾಮಕರಣಕ್ಕೆ ಬಂದು ನಿಂತವರು. ಚಿತ್ರದ್ದು ಹಾಡು, ಮಳೆ ಅಷ್ಟೇ ನೆನಪಿದೆ. ನಿದ್ದೆ ಮಾಡಿದ್ದೆ.

ಆ ಮಂದಿರವೂ ಈಗಿಲ್ಲ. ಇಂಥ ಕಟ್ಟಡಗಳ ಇಳಿಜಾರು ನೆಲಕ್ಕೆ ಕಾಂಕ್ರೀಟು ತುಂಬಿ ಮಟ್ಟ ಮಾಡದೆ ಬೇರೆ ಉಪಯೋಗಕ್ಕೆ ಬರುವುದಿಲ್ಲ; ಹಾಗೆ ಮಟ್ಟವಾಗಿ ಅದೊಂದು ವ್ಯಾಯಾಮಶಾಲೆಯಾಗಿದೆ. ಇದೇ ಕಥೆ ಊರಿನಲ್ಲೂ ನಡೆಯಿತು. ಅಮೆರಿಕದಲ್ಲಿ ಕಂಪನಿಗಳು ದಿವಾಳಿಯೆದ್ದ ಮೂರು ನಾಲ್ಕು ವರ್ಷಕ್ಕೆ, 2004ರಲ್ಲಿ, ಬೆಂಗಳೂರಿನ ಕೋರಮಂಗಲದ ಫೋರಂ ಮಾಲಿನಲ್ಲಿ ಹನ್ನೊಂದು ಪರದೆಗಳ ಮಲ್ಟಿಪ್ಲೆಕ್ಸು ತೆರೆಯಿತು. 1968ರಲ್ಲಿ ಆರಂಭವಾಗಿದ್ದ ಗಾಂಧಿನಗರದ ಕಪಾಲಿ 2017ರಲ್ಲಿ ಮುಚ್ಚಿತು. ನನ್ನ ಶಾಂತಲಾ 2020ರಲ್ಲಿ.

ಹಾಗೆಂದು ಕನ್ನಡ ಚಿತ್ರ ಸೊರಗಿತೆಂದು ಹೇಳುವಂತಿಲ್ಲ. 2022ರಲ್ಲಿ "ಕೆ.ಜಿ.ಎಫ್. ಚಾಪ್ಟರ್ 2" ಮತ್ತು "ಕಾಂತಾರ" ಇಲ್ಲಿಯ ದೊಡ್ಡ ಮಲ್ಟಿಪ್ಲೆಕ್ಸುಗಳಲ್ಲೇ ಬಿಡುಗಡೆಯಾದವು. ಡಬ್ಬಿ ಹೊರುವವರು ಬೇಕಿಲ್ಲ, ಫೋನಿನಲ್ಲೇ ಟಿಕೆಟ್ಟು. "ಕಾಂತಾರ"ಕ್ಕೆ ಮಗಳನ್ನು ಕರೆದುಕೊಂಡು ಹೋದೆ. ಹಾಲು ತುಂಬಿತ್ತು, ಸುತ್ತಲೂ ಕನ್ನಡದ ಮಾತು ಕೇಳುತ್ತಿತ್ತು. ಚಿತ್ರ ಮುಗಿಯಿತು, ದೀಪ ಹತ್ತಿತು, ಎಲ್ಲರೂ ಅವರವರ ಕಾರಿಗೆ ನಡೆದರು. ಯಾರೂ ಯಾರನ್ನೂ ಯಾವೂರೆಂದು ಕೇಳಲಿಲ್ಲ. ನಾನೂ ಕೇಳಲಿಲ್ಲ! ಮನೆಗೆ ಬಂದ ಮೇಲೆ ಅದು ಚುಚ್ಚಿತು. ನಮ್ಮ ಹಿಂದಿನ ಸಾಲಿನಲ್ಲಿ ಡ್ಯೂಟಿ ಮುಗಿಸಿ ಬಂದ ಯಾವುದೋ ಹುಡುಗನೋ ಹುಡುಗಿಯೋ ಒಂಟಿಯಾಗಿ ಕುಳಿತಿದ್ದಿರಬಹುದು.

ಬಾಗಿಲಲ್ಲಿ ನಿಲ್ಲುತ್ತಿದ್ದ ಆ ಹಿರಿಯರು 2020ರ ಚಳಿಗಾಲದಲ್ಲಿ ತೀರಿಕೊಂಡರು. ಕೋವಿಡ್ಡಿನ ಕಾಲ, ಅಂತ್ಯಕ್ರಿಯೆಯನ್ನು ಕಂಪ್ಯೂಟರ್ ಪರದೆಯಲ್ಲೇ ನೋಡಿದೆವು. ಅವರ ಹೆಸರು ಹಾಕಿದರೆ ಅವರ ಮನೆಯವರಿಗೆ ಸಂಕೋಚವಾದೀತೆಂದು ಬರೆದಿಲ್ಲ. ಹಳಬರಿಗೆಲ್ಲ ಯಾರೆಂದು ಗೊತ್ತು.

ನಮ್ಮ ಕೂಟಕ್ಕೆ ಸ್ವಂತ ಕಟ್ಟಡ ಬೇಕೆಂಬ ಚರ್ಚೆ ಪ್ರತಿ ವಾರ್ಷಿಕ ಸಭೆಯಲ್ಲೂ ಬರುತ್ತದೆ. ಆಗಲಿ, ಕಟ್ಟೋಣ, ಬಾಡಿಗೆ ಹಾಲಿನ ಗತಿ ಏನೆಂದು ಈ ಕಥೆಯೇ ಹೇಳುತ್ತದೆ. ಆದರೆ ಅದು ಆಗುವವರೆಗೆ ಕಾಯಬೇಕಿಲ್ಲದ ಎರಡು ಕೆಲಸಗಳಿವೆ. ಒಂದು, ಹಿಂದೆ ಆಟ ಹಾಕಿಸಿದವರು, ಡಬ್ಬಿ ಹೊತ್ತವರು, ಚಿತ್ರಾನ್ನ ಕಲಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನು ಈ ವರ್ಷವೇ ಬರೆದಿಟ್ಟುಕೊಳ್ಳೋಣ. ಎರಡು, ಮುಂದಿನ ಕನ್ನಡ ಚಿತ್ರ ಇಲ್ಲಿ ಬಂದಾಗ ಕೂಟದ ಇಬ್ಬರು ಸ್ವಯಂಸೇವಕರು ಬಾಗಿಲ ಬಳಿ ನಿಲ್ಲಲಿ. ಟಿಕೆಟ್ ಹರಿಯುವ ಕೆಲಸ ಈಗಿಲ್ಲ, ಯಾವೂರು ಎಂದು ಕೇಳಿದರೆ ಸಾಕು. ಮೊದಲನೆಯ ಸರದಿಗೆ ನನ್ನ ಹೆಸರು ಬರೆದುಕೊಳ್ಳಿ. ಚಿತ್ರಾನ್ನ ತರುತ್ತೇನೆ. ಡಾಕ್ಟರ ಮನೆಯದು ಅಂತ ಹೆದರಬೇಡಿ, ಉಪ್ಪು ಸರಿಯಾಗಿಯೇ ಇರುತ್ತದೆ.